ಮೂಗಿನಿಂದ ಚಿತ್ರ ನೋಡಿದವರು

ಹಾರ್ಯೊ ದಾನುರ್ವೆಂದೊ ಅವರು ಯಾವ ಚಿತ್ರವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಯೋಗ್ಯಕರ್ತ ನಗರದ ಯಾವುದೇ ಕಲಾಪ್ರದರ್ಶನದ ಉದ್ಘಾಟನೆಯಿರಲಿ, ಬಾಗಿಲಲ್ಲಿ ಮೊದಲು ಅವರ ಬಲಭುಜ ಪ್ರವೇಶಿಸುತ್ತಿತ್ತು. ಅದರ ಹಿಂದೆ, ಒಮ್ಮೆ ಹಾಲೆಂಡಿಗೆ ಹೋಗಿದ್ದಾಗ ಕೊಂಡು ತಂದ, ನಮ್ಮೂರಿನ ಸೆಕೆಯಲ್ಲಿ ಬುದ್ಧಿಯಿದ್ದವರು ಯಾರೂ ತೊಡಲಾರದ ಕಂದು ಬಣ್ಣದ ದಪ್ಪ ಕೋಟು. ಕೋಟಿನ ನಂತರ, ಅದನ್ನು ಹಿಂಬಾಲಿಸಿ ಬಂದವರ ಹಾಗೆ, ಅವರು. ಹಾಗೆ ಬಂದವರು ನೇರ ಗೋಡೆಯ ಬಳಿಗೆ ನಡೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕ್ಯಾನ್ವಾಸಿನ ಕೆಳಗಿನ ಎಡಮೂಲೆಗೆ ಮೂಗು ತಗುಲಿಸಿ, ಕಣ್ಣು ಮುಚ್ಚಿ, ಕಳಿತ ಹಲಸನ್ನು ಪರೀಕ್ಷಿಸುವವರಂತೆ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ ತೀರ್ಪು. "ಒಂದರ್ಥದಲ್ಲಿ, ಇದು ಅಸಲಿ." ಅಥವಾ, "ಒಂದರ್ಥದಲ್ಲಿ, ಇದು ಇನ್ನೂ ಹಸಿ." ಆ ಇನ್ನೊಂದು ಅರ್ಥ ಯಾವುದೆಂದು ಮೂವತ್ತು ವರ್ಷಗಳಲ್ಲಿ ಯಾರೂ ಕೇಳಲಿಲ್ಲ, ಕೇಳಿದರೆ ಅವರು ಹೇಳಿಬಿಡುತ್ತಾರೆಂಬ ಭಯ ಎಲ್ಲರಿಗೂ ಇತ್ತು.

ಅವರು ಚಿತ್ರ ಬರೆಯುತ್ತಿರಲಿಲ್ಲ, ಮಾರುತ್ತಿರಲಿಲ್ಲ, ಕೊಳ್ಳುತ್ತಲೂ ಇರಲಿಲ್ಲ. ಅವರು ಉದ್ಘಾಟಿಸುತ್ತಿದ್ದರು. ನಮ್ಮ ಕಡೆ ಪ್ರದರ್ಶನವೆಂದರೆ ಮೊದಲು ಭಾಷಣ, ಅನಂತರ ಸೋಯಾ ಕಾಳಿನ ಹುರಿದ ತೆಂಪೆ, ಉಳಿದ ಹೊತ್ತಿನಲ್ಲಿ ಚಿತ್ರ. ಆ ಮೊದಲನೆಯ ಭಾಗವನ್ನು ಅವರು ಎಷ್ಟು ಉದ್ದವಾಗಿ ನಿರ್ವಹಿಸುತ್ತಿದ್ದರೆಂದರೆ, ಅನೇಕ ಕಲಾವಿದರಿಗೆ ತಮ್ಮ ಚಿತ್ರಗಳನ್ನು ಯಾರೂ ನೋಡದೆ ಹೋದದ್ದಕ್ಕೆ ತೆಂಪೆ ಆರಿಹೋದದ್ದೇ ಕಾರಣವೆಂದು ಹೇಳಿಕೊಳ್ಳುವ ಅನುಕೂಲ ದೊರೆಯುತ್ತಿತ್ತು.

ಇಂಥವರು ಅರವತ್ತರ ಅಂಚಿನಲ್ಲಿ ಸಿನಿಮಾ ಮಾಡಲು ಹೊರಟರು. ಅದೂ ದೆವ್ವದ ಸಿನಿಮಾ. ಅದೂ ನಗಿಸುವ ದೆವ್ವದ ಸಿನಿಮಾ.

ನಮ್ಮ ಜಾವಾದಲ್ಲಿ ಹೆಣದ ಬಟ್ಟೆ ಸುತ್ತಿಕೊಂಡು ಕುಪ್ಪಳಿಸುವ ಪೊಚೊಂಗ್ ಪಿಶಾಚಿಯೊಂದಿದ್ದರೆ ಯಾವ ಕಥೆಗೂ ಚಿತ್ರಮಂದಿರ ತುಂಬುತ್ತದೆಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಸತ್ತವನ ಬಟ್ಟೆಯ ಗಂಟು ಬಿಚ್ಚುವುದನ್ನು ಮರೆತರೆ ಅವನು ಕಾಲು ಕಟ್ಟಿದ ಹಾಗೆಯೇ ಕುಪ್ಪಳಿಸುತ್ತ ಬರುತ್ತಾನೆ. ಅಷ್ಟೇ ಕಥೆ, ಅಷ್ಟಕ್ಕೇ ಜನ. ದಾನುರ್ವೆಂದೊ ಅವರು ಶುಂಠಿ ಚಹದ ಗಾಡಿಯ ಮುಂದಿನ ಬೆಂಚಿನ ಮೇಲೆ ಕೋಟಿನ ಗುಂಡಿ ಹಾಕಿಕೊಂಡು ಕೂತು ತಮ್ಮ ಯೋಜನೆ ಘೋಷಿಸಿದರು. ಬದುಕಿದ್ದಾಗ ಯಾರೂ ಲೆಕ್ಕಕ್ಕಿಡದ ಚಿತ್ರಕಾರನೊಬ್ಬ ಸಾಯುತ್ತಾನೆ. ಸತ್ತ ಮೇಲೆ ಕಲಾಲೋಕವೆಲ್ಲ ಓಡಿಬಂದು ಹೊಗಳುತ್ತದೆ. ಚಿತ್ರವನ್ನು ನೋಡದೆ ಹೊಗಳಿದ ಒಬ್ಬೊಬ್ಬರ ಮನೆಗೂ ಆತ ಪೊಚೊಂಗ್ ಆಗಿ ಕುಪ್ಪಳಿಸಿ ಬಂದು ಕೊಲ್ಲುತ್ತಾನೆ. ಹೆಸರು, 'ಸತ್ತವನ ಸಹಿ'.

"ಒಂದರ್ಥದಲ್ಲಿ, ನಮ್ಮ ಕಲಾಲೋಕವೇ ಒಂದು ಸ್ಮಶಾನ," ಎಂದರು.

"ಇನ್ನೊಂದರ್ಥದಲ್ಲಿ ಮಾಸ್, ಸ್ಮಶಾನದಲ್ಲಿ ಭಾಷಣ ಕಡಿಮೆ," ಎಂದ, ಮದುವೆಗಳ ವೀಡಿಯೊ ತೆಗೆದು ಬದುಕುತ್ತಿದ್ದ ಮೋಕೊ. ಮಾಸ್ ಎಂದರೆ ಅಣ್ಣ. ನಮ್ಮಲ್ಲಿ ಬೈಯುವಾಗಲೂ ಅದನ್ನು ಸೇರಿಸಿಯೇ ಬೈಯುವುದು. ಅವರಿಗೆ ಕೈಗೆಟುಕುವ ಛಾಯಾಗ್ರಾಹಕ ಅವನೊಬ್ಬನೇ ಆಗಿದ್ದುದರಿಂದ ಅವನ ಮಾತನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಸತ್ತ ಚಿತ್ರಕಾರನ ಪಾತ್ರಕ್ಕೆ ಅವರು ಆರಿಸಿದ್ದು ವಾಗಿರಾನನನ್ನು. ಆತ ಇವರ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಕಲಾಶಾಲೆಗೆ ಸೇರಿ, ಇವರು ಅಲ್ಲಿ ಮಾತು ಕಲಿತು ಮೇಲೆ ಬಂದಿದ್ದರು, ಆತ ಚಿತ್ರ ಕಲಿತು ಅಲ್ಲೇ ಉಳಿದಿದ್ದ. ಹೊಟ್ಟೆಪಾಡಿಗೆ ಆತ ಬಾಂತುಲ್ ರಸ್ತೆಯ ಪಕ್ಕದಲ್ಲಿ ಲಾರಿಗಳ ಹಿಂಬದಿಗೆ ಕಣ್ಣು ಹೊಡೆಯುವ ಹೆಂಗಸರನ್ನೂ, 'ನಿನ್ನ ನೆನಪು, ನನ್ನ ಡೀಸೆಲ್' ಎಂಬಂಥ ಅಕ್ಷರಗಳನ್ನೂ ಬರೆಯುತ್ತಿದ್ದ. ಸ್ಪ್ರೇ ಬಣ್ಣವನ್ನು ಅಷ್ಟು ವರ್ಷ ಉಸಿರಾಡಿ ಶ್ವಾಸಕೋಶ ಜರ್ಜರಿತವಾಗಿತ್ತು. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದು ಮೃದುವಾಗಿ ಹೇಳಿ ಕಳಿಸಿದ್ದರು. ತನಗೋಸ್ಕರ ಆತ ಬರೆದದ್ದು ಏಳೇ ಚಿತ್ರ. ಏಳರಲ್ಲೂ ಒಂದೇ ವಸ್ತು, ಮನೆಯ ಹಿತ್ತಲ ಬಾವಿ: ರಾಟೆ, ಪಾಚಿಗಟ್ಟಿದ ಕಟ್ಟೆ, ಅದರೊಳಗೆ ಬಗ್ಗಿ ನೋಡಿದಾಗ ಕಾಣುವ ನೀರು. ಅಷ್ಟನ್ನು ಬರೆಯಲು ಅರ್ಧ ಆಯುಷ್ಯ ತೆಗೆದುಕೊಂಡಿದ್ದ.

"ನೀರನ್ನ ಕಪ್ಪಲ್ಲಿ ಬಳಿದುಬಿಟ್ಟಿದ್ರೆ ಯಾವಾಗಲೋ ಮುಗೀತಿತ್ತಲ್ಲೋ," ಎಂದು ದಾನುರ್ವೆಂದೊ ಒಮ್ಮೆ ಕೇಳಿದ್ದರು.

"ಕಪ್ಪು ಟ್ಯೂಬು ನಾನು ಕೊಳ್ಳೋದೇ ಇಲ್ಲ ಮಾಸ್. ಕಪ್ಪು ಹಾಕಿದ್ರೆ ನೀರು ಸತ್ತುಹೋಗುತ್ತೆ. ನೀಲಿ, ಕಂದು, ಒಂಚೂರು ಕೆಂಪು, ಅದರಲ್ಲೇ ಕತ್ತಲೆ ಬರಬೇಕು."

ಈ ಮಾತನ್ನು ಅವರು ಮುಂದೆ ಯಾರದೋ ಪ್ರದರ್ಶನದಲ್ಲಿ ತಮ್ಮದೆಂದೇ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಚಿತ್ರಗಳನ್ನೂ ಮೂಸಿದ್ದರು: ಹಳೆಯ ಎಣ್ಣೆ, ಸೌದೆಯ ಹೊಗೆ, ಹಿತ್ತಲ ತೇವ. "ಒಂದರ್ಥದಲ್ಲಿ, ಅಸಲಿ," ಎಂದಿದ್ದರು. ಆದರೆ ಯಾವ ಪ್ರದರ್ಶನಶಾಲೆಯೂ ಲಾರಿ ಪೇಂಟರನ ಬಾವಿಗಳಿಗೆ ಗೋಡೆ ಕೊಟ್ಟಿರಲಿಲ್ಲ. ಇವರೂ ಯಾರನ್ನೂ ಒತ್ತಾಯಿಸಿ ಕೇಳಿರಲಿಲ್ಲ. ಈಗ ಸಿನಿಮಾದ ನೆಪದಲ್ಲಿ, ಆತನ ಹಿತ್ತಲಿನಲ್ಲಿ ನಿಂತು, ಕೋಟಿನ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು.

"ನಿನ್ನ ಏಳೂ ಬಾವಿ ನನ್ನ ಸಿನಿಮಾದಲ್ಲಿ ಬರ್ತವೆ. ಸಿನಿಮಾ ಬಂದ ಮೇಲೆ ಅದೇ ಏಳೂ ಊರಿನ ದೊಡ್ಡ ಪ್ರದರ್ಶನಶಾಲೆಯಲ್ಲಿ ತೂಗ್ತವೆ. ನೀನು ಕೂತು ನೋಡ್ತೀಯ."

"ಬೇಗ ಮಾಡಿ ಮಾಸ್. ಕೂರೋಕೂ ಆಗ್ತಿಲ್ಲ ಈಗೀಗ," ಎಂದ ವಾಗಿರಾನ್.

ಪಾತ್ರೆ ತೊಳೆಯುತ್ತಿದ್ದ ಆತನ ಹೆಂಡತಿ ಸಮಿಂತೆನ್ ತಲೆಯೆತ್ತದೆ ಅಂದಳು: "ಸಾಯೋನನ್ನೇ ಸತ್ತವನ ಪಾತ್ರಕ್ಕೆ ಹಾಕೊಂಡ್ರಲ್ಲ, ಮೇಕಪ್ಪಿನ ಖರ್ಚು ಉಳೀತು ಬಿಡಿ."

ಚಿತ್ರೀಕರಣಕ್ಕೆ ಸಿಕ್ಕಿದ್ದು ಡಚ್ಚರ ಕಾಲದ, ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಒಂದು ಉಗ್ರಾಣ. ಅದೇ ಪ್ರದರ್ಶನಶಾಲೆ, ಅದೇ ಮಹಲು, ಅದೇ ಸ್ಮಶಾನ; ಮೋಕೊ ದೀಪದ ದಿಕ್ಕು ಬದಲಿಸಿದಂತೆ ಸ್ಥಳ ಬದಲಾಗುತ್ತಿತ್ತು. ಹೆಣದ ಬಟ್ಟೆಗೆ ಸಮಿಂತೆನ್‌ಳ ಮನೆಯ ಹಾಸಿಗೆ ಹೊದಿಕೆ. ಅದರೊಳಗೆ ವಾಗಿರಾನ್, ತಲೆಯ ಮೇಲೊಂದು ಗಂಟು, ಪಾದದ ಬಳಿ ಒಂದು ಗಂಟು, ನಾಲ್ಕು ಸಲ ಕುಪ್ಪಳಿಸಿ ಕೆಮ್ಮಲು ನಿಲ್ಲುತ್ತಿದ್ದ.

"ಬರೀ ಕುಪ್ಪಳಿಸಬೇಡವೋ! ಅರ್ಥಪೂರ್ಣವಾಗಿ ಕುಪ್ಪಳಿಸು!" ಎಂದು ದಾನುರ್ವೆಂದೊ ಕುರ್ಚಿಯಿಂದ ಕೂಗುತ್ತಿದ್ದರು. "ನಿನ್ನ ಒಂದೊಂದು ಜಿಗಿತದಲ್ಲೂ ವಂಚಿತ ಕಲಾವಿದನ ಆಕ್ರೋಶ ಇರಬೇಕು!"

"ಮಂಡಿನೋವು ಇದೆ ಮಾಸ್. ಅದನ್ನೇ ಆಕ್ರೋಶ ಅಂದ್ಕೊಳ್ಳಿ."

ಪ್ರದರ್ಶನಶಾಲೆಯ ಒಡತಿಯ ಪಾತ್ರ ಮಾಡುತ್ತಿದ್ದ ಕಿನಾಂತಿ ಎಂಬ ನಟಿ ಮೊದಲ ದಿನವೇ ಹಠ ಹಿಡಿದಳು. ದೆವ್ವದ ಸಿನಿಮಾ ಮಾಡುವಾಗ ಆ ಜಾಗಕ್ಕೆ ನೈವೇದ್ಯ ಇಡದೆ ಕ್ಯಾಮೆರಾ ಮುಂದೆ ನಿಲ್ಲುವವರು ನಮ್ಮಲ್ಲಿ ಯಾರೂ ಇಲ್ಲ. ಹೂವು, ಕಡುಕಾಫಿ, ಒಂದು ಮೊಟ್ಟೆ, ಎಲ್ಲಕ್ಕಿಂತ ಮುಖ್ಯವಾಗಿ ಲೋಬಾನದ ಹೊಗೆ. "ಅದೂ ಆ ಬಾವಿ ಚಿತ್ರಗಳ ಕೋಣೆಯಲ್ಲೇ ಇಡಬೇಕು. ಅವನ್ನ ನೋಡಿದ್ರೆ ನಂಗೆ ಮೈ ಜುಂ ಅನ್ನುತ್ತೆ," ಎಂದಳು. ದಾನುರ್ವೆಂದೊ ಅವರಿಗೆ ಇದು ಮೆಚ್ಚುಗೆಯಂತೆ ಕೇಳಿಸಿತು. ಒಂದು ಕೆಂಡದ ಬಟ್ಟಲಿಗೆ ಬದಲು ಮೂರು ಇಡಿಸಿದರು. ಚಿತ್ರೀಕರಣ ನಡೆದಷ್ಟು ದಿನವೂ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಲೋಬಾನ ಹೊಗೆಯಾಡುತ್ತಲೇ ಇತ್ತು.

ಆ ಕೋಣೆಯಲ್ಲಿ ಬಾವಿಗಳು ಏಳಲ್ಲ, ಹದಿನಾಲ್ಕು ಇದ್ದವು. ಕಥೆಯ ಕೊನೆಯಲ್ಲಿ ಶಾಲೆಯ ಒಡತಿ ಭಯದಿಂದ ಚಿತ್ರಗಳನ್ನೆಲ್ಲ ಸುಟ್ಟುಬಿಡುತ್ತಾಳೆ. ಸುಡಲೆಂದು, ಮಾಲಿಯೊಬೊರೊ ರಸ್ತೆಯಲ್ಲಿ ಪ್ರವಾಸಿಗರಿಗೆ ಭತ್ತದ ಗದ್ದೆಗಳನ್ನು ಬರೆದು ಮಾರುವ ನಕಲುಗಾರನೊಬ್ಬನಿಂದ ಏಳು ನಕಲುಗಳನ್ನು ಬರೆಸಿದ್ದರು. ಆತ ಹೊಸ ಕ್ಯಾನ್ವಾಸಿಗೆ ಚಹದ ನೀರು ಹೊಡೆದು ಹಳತು ಮಾಡಿ, ಹಿಂದೆ ಒಂದು ಗುರುತು ಹಾಕಲೇ ಎಂದು ಕೇಳಿದ್ದ. "ಗುರುತು ಯಾಕಯ್ಯ?" ಎಂದು ದಾನುರ್ವೆಂದೊ ತೋರುಬೆರಳಿನಿಂದ ಮೂಗನ್ನು ಮುಟ್ಟಿ ತೋರಿಸಿದ್ದರು. "ಇದು ಇರೋವಾಗ?"

ಸುಡುವ ದಿನ ಬಂತು. ಇಳಿಬಿಸಿಲಿನಲ್ಲಿ, ಉಗ್ರಾಣದ ಹಿಂದಿನ ಬಯಲಿನಲ್ಲಿ, ಒಂದೇ ಸಲಕ್ಕೆ ತೆಗೆಯಬೇಕಾದ ದೃಶ್ಯ. ದಾನುರ್ವೆಂದೊ ಕೋಣೆಗೆ ಹೋಗಿ, ಕೈ ಬೆನ್ನಿಗೆ ಕಟ್ಟಿ, ಹದಿನಾಲ್ಕು ಚಿತ್ರಗಳ ಎಡಮೂಲೆಗಳನ್ನೂ ಕಣ್ಣು ಮುಚ್ಚಿಕೊಂಡು ಮೂಸಿದರು. ಎಲ್ಲವೂ ಗೋರಿಯಂತೆ, ಮಸೀದಿಯಂತೆ, ಮುದುಕರ ಪೆಟ್ಟಿಗೆಯಂತೆ ಘಮಘಮಿಸಿದವು. ಎರಡನೆಯ ಬಾರಿ ಮೂಸಿದರು. ಮೂವತ್ತು ವರ್ಷದ ಕೀರ್ತಿ ಹೊತ್ತ ಮನುಷ್ಯ ಮೂರನೆಯ ಬಾರಿ ಮೂಸುವುದು ಮರ್ಯಾದೆಯಲ್ಲ. ಹೊರಗೆ ಮೋಕೊ ಬಿಸಿಲು ಹೋಗುತ್ತಿದೆಯೆಂದು ಕೂಗುತ್ತಿದ್ದ.

"ಈ ಕಡೆಯವು ಏಳು. ಇವೇ ನಕಲು. ಒಯ್ಯಿರಿ."

"ಖಾತ್ರಿ ತಾನೆ ಮಾಸ್? ಒಂದ್ಸಲ ವಾಗಿರಾನಣ್ಣಂಗೆ ತೋರಿಸೋಣ್ವಾ?" ಎಂದ ಬಾಗಿಲಿಗೆ ಬಂದ ಮೋಕೊ.

"ಅವನಿಗೆ ಗಂಟು ಕಟ್ಟಿ ಆಗಿದೆ. ಬಿಚ್ಚಿದ್ರೆ ಇನ್ನರ್ಧ ಗಂಟೆ. ಒಂದರ್ಥದಲ್ಲಿ, ನೀನು ನನಗೆ ಚಿತ್ರ ಕಲಿಸ್ತೀಯಾ?"

ಕಿನಾಂತಿ ಕಡ್ಡಿ ಗೀರಿದಳು. ಆಗ ವಾಗಿರಾನನನ್ನು ಇಬ್ಬರು ಎತ್ತಿ ತಂದು ಬಾಗಿಲಲ್ಲಿ ನಿಲ್ಲಿಸಿದರು, ಬಟ್ಟೆಯಲ್ಲಿ ಸುತ್ತಿ, ಮುಖ ಮಾತ್ರ ಬಿಟ್ಟು. ಬೆಂಕಿಯ ಸುತ್ತ ವಿಕಟವಾಗಿ ನಗುತ್ತ ಕುಪ್ಪಳಿಸಬೇಕೆಂದು ಕಥೆಯಲ್ಲಿತ್ತು. ಆತ ಕುಪ್ಪಳಿಸಲಿಲ್ಲ. ಮೊದಲ ಕ್ಯಾನ್ವಾಸು ಉರಿ ಹಿಡಿದು ಸುರುಟಿಕೊಂಡಾಗ ಆತನ ಬಾಯಿ ತೆರೆಯಿತು. ಬಟ್ಟೆಯೊಳಗೆ ಕೈಗಳು ಒಮ್ಮೆ ಅಲುಗಿ ನಿಂತವು. ಆಮೇಲೆ ಬಾಯಿ ಮುಚ್ಚಿತು. ಕಣ್ಣು ಮಾತ್ರ ಒಂದರಿಂದ ಇನ್ನೊಂದಕ್ಕೆ ಹೋಯಿತು, ಕೊನೆಯ ಬಾವಿಯವರೆಗೆ. ಅಡುಗೆಯವರು, ಲೈಟು ಹಿಡಿಯುವವರು, ದಾರಿಯಲ್ಲಿ ಹೋಗುತ್ತಿದ್ದ ಕಬ್ಬಿನ ಕೂಲಿಗಳು ಎಲ್ಲರೂ ನಿಂತು ನೋಡಿದರು. ದಾನುರ್ವೆಂದೊ ಮೋಕೊನ ಭುಜ ಹಿಸುಕುತ್ತ ಪಿಸುಗುಟ್ಟಿದರು: "ಮುಖ ಹಿಡಿ! ಮುಖ! ಅಯ್ಯೋ, ಇವನೊಳಗೆ ನಟ ಇದ್ದನಲ್ಲೋ!"

ಮನೆಗೆ ಬಿಡುವಾಗ ಕಾರಿನಲ್ಲಿ ವಾಗಿರಾನ್ ಕೇಳಿದ್ದು ಒಂದೇ: "ಚೆನ್ನಾಗಿ ಬಂತಾ ಮಾಸ್?"

"ಜನ್ಮದಲ್ಲಿ ಮೊದಲ ಸಲ ಆಕ್ಟಿಂಗ್ ಮಾಡ್ದೆ ನೋಡು!"

"ಹಂಗಾದ್ರೆ ಸರಿ," ಎಂದು ಆತ ಕಿಟಕಿಯಾಚೆ ನೋಡಿದ.

ಸಿನಿಮಾ ಬಂತು ಎನ್ನುವುದಕ್ಕಿಂತ ಆಯಿತು ಎನ್ನಬಹುದು. ಊರಿನ ಸಭಾಭವನದಲ್ಲಿ ತೋರಿಸಿದಾಗ ಹೆದರಬೇಕಾದಲ್ಲಿ ಜನ ನಕ್ಕರು, ನಗಬೇಕಾದಲ್ಲಿ ಮೊಬೈಲು ನೋಡಿದರು. ಪೊಚೊಂಗಿನ ಹೊದಿಕೆಯ ಮೇಲೆ ಹೂವಿನ ಅಚ್ಚು ಕಾಣುತ್ತಿದ್ದುದು ನಗೆಯ ಒಂದು ಕಾರಣವಾಗಿತ್ತು. ಜಕಾರ್ತದಿಂದ ಬಂದಿದ್ದ ಹಂಚಿಕೆದಾರ ಮೂತ್ರಕ್ಕೆಂದು ಎದ್ದವನು ಜಕಾರ್ತಕ್ಕೇ ಹೋದ. ಬೆಂಕಿಯ ದೃಶ್ಯದಲ್ಲಿ ಮಾತ್ರ ಸಭೆ ನಿಶ್ಶಬ್ದವಾಯಿತು. ಮರುದಿನದ ಪತ್ರಿಕೆ, ಇಡೀ ಚಿತ್ರದಲ್ಲಿ ಸತ್ಯವಾದದ್ದು ಅದೊಂದು ಮುಖವೆಂದು ಬರೆಯಿತು. ದಾನುರ್ವೆಂದೊ ಆ ಸಾಲನ್ನು ಕತ್ತರಿಸಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು, ಆ ಮುಖವನ್ನು ತಾವು ಹೇಗೆ ಹೊರತೆಗೆದೆವೆಂದು ಚಹದ ಗಾಡಿಯಲ್ಲಿ ತಿಂಗಳುಗಟ್ಟಲೆ ವಿವರಿಸಿದರು. ದೊಡ್ಡ ಶಾಲೆಯವರು ಮಾತ್ರ, ಇಂಥ ಸಿನಿಮಾದ ಚಿತ್ರಗಳನ್ನು ತೂಗುಹಾಕಿದರೆ ತಮ್ಮ ಹೆಸರು ಕೆಡುತ್ತದೆಂದು ಹಿಂದೆ ಸರಿದರು.

ಮಳೆಗಾಲದ ಮೊದಲಿಗೆ ವಾಗಿರಾನ್ ತೀರಿಕೊಂಡ. ಗೋರಿಯಲ್ಲಿಳಿದ ಮೌಲ್ವಿ ಬಟ್ಟೆಯ ಗಂಟುಗಳನ್ನು ಬಿಚ್ಚುವಾಗ ಸಮಿಂತೆನ್ ಮೇಲಿನಿಂದ, "ಎಲ್ಲಾ ಬಿಚ್ಚಿ. ಒಂದೂ ಬಿಡಬೇಡಿ. ಸಾಕಷ್ಟು ಕುಪ್ಪಳಿಸಿದ್ದಾರೆ," ಎಂದಳು. ದಾನುರ್ವೆಂದೊ ಆ ದಿನ ಕೋಟು ಹಾಕಿರಲಿಲ್ಲ. ಅದಿಲ್ಲದೆ ಅವರ ಬಲಭುಜ ಬಹಳ ಸಣ್ಣದಾಗಿ ಕಂಡಿತು.

ಸತ್ತ ಮೇಲೆ ದೊಡ್ಡ ಶಾಲೆಯವರೇ ಹೇಳಿ ಕಳಿಸಿದರು. ಆ ಮುಖದ ಚಿತ್ರಕಾರ ನಿಜವಾಗಿಯೂ ಸತ್ತನಲ್ಲ, ಈಗ ಬಾವಿಗಳಿಗೆ ಬೆಲೆ ಬಂದಿತ್ತು. ತಮ್ಮ ಸಿನಿಮಾದ ಕಥೆಯೇ ನಡೆಯುತ್ತಿದೆಯೆಂದು ದಾನುರ್ವೆಂದೊ ಅವರಿಗೆ ತಿಳಿಯಲಿಲ್ಲವೆಂದಲ್ಲ. ಆದರೆ ಕೊಟ್ಟ ಮಾತು ಉಳಿಯುತ್ತದೆಂಬ ಸಮಾಧಾನ ದೊಡ್ಡದಾಗಿತ್ತು. ಚಿತ್ರೀಕರಣದ ನಂತರ ವಾಗಿರಾನನ ಮನೆಗೆ ಮರಳಿಸಿದ್ದ ಏಳು ಚಿತ್ರಗಳನ್ನು, ಸತ್ತ ನೂರನೆಯ ದಿನದ ಊಟ ಮುಗಿದ ಮೇಲೆ, ಅವರೇ ಹೋಗಿ ತಂದರು. ಗೋಡೆಗೆ ಮೊಳೆ ಹೊಡೆಸಿ, ತೂಗುಹಾಕಿಸಿ, ಅಭ್ಯಾಸಬಲದಿಂದ ಮೊದಲನೆಯದರ ಎಡಮೂಲೆಗೆ ಮೂಗು ತಂದರು.

ಲೋಬಾನ ಹಾರಿಹೋಗಿತ್ತು. ಉಳಿದಿದ್ದದ್ದು ಅಗ್ಗದ ಬಣ್ಣ, ಮತ್ತು ಚಹ.

ಎರಡನೆಯದು, ಚಹ. ಮೂರನೆಯದು, ಚಹ. ಏಳನೆಯದರ ಮುಂದೆ ಅವರು ಕಣ್ಣು ತೆರೆದರು. ಬಾವಿಯೊಳಗೆ ಹಾಕಿದ್ದು ಟ್ಯೂಬಿನಿಂದ ನೇರ ಬಂದ ಕಪ್ಪು.

ಅವರು ಬಾಂತುಲಿನ ಆ ಮನೆಗೆ ಹೋದಾಗ ಸಮಿಂತೆನ್ ಅಕ್ಕಿ ಕೇರುತ್ತಿದ್ದಳು.

"ಅತ್ತಿಗೆ, ಅವು..."

"ಗೊತ್ತು ಮಾಸ್. ಅವತ್ತೇ ಬಂದು ಹೇಳಿದ್ರು."

"ಅವತ್ತೇ? ಮತ್ತೆ ಅವನ್ಯಾಕೆ ಕೂಗಲಿಲ್ಲ? ಒಂದು ಕೂಗು ಹಾಕಿದ್ರೆ ನಾಲ್ಕಾದರೂ ಉಳೀತಿದ್ವಲ್ಲ!"

ಅವಳು ಮೊರ ಕೆಳಗಿಟ್ಟಳು. "ನಾನೂ ಬೈದೆ. 'ಕೂಗೋಣ ಅಂತಲೇ ಬಾಯಿ ತೆಗೆದೆ ಕಣೇ,' ಅಂದ್ರು. 'ಸುತ್ತ ನೋಡಿದ್ರೆ ಅಷ್ಟು ಜನ ಸುಮ್ಮನೆ ನಿಂತು ನನ್ನ ಚಿತ್ರನೇ ನೋಡ್ತಾ ಇದ್ರು. ದಾನುನೂ ನೋಡ್ತಾ ಇದ್ದ. ಹಂಗೆ ಯಾರೂ ಯಾವತ್ತೂ ನೋಡಿರಲಿಲ್ಲ. ಕೂಗೋಕೆ ಮನಸ್ಸು ಬರಲಿಲ್ಲ,' ಅಂದ್ರು." ಮೊರ ಮತ್ತೆ ಎತ್ತಿಕೊಂಡು, "ಆಮೇಲೆ ಆ ನಕಲಿನಲ್ಲಿ ಒಂದನ್ನ ಎಳ್ಕೊಂಡು ಕೂತ್ರು. ಕೈ ನಡುಗ್ತಿತ್ತು. ನೀರಷ್ಟನ್ನ ತಿದ್ದಿದ್ರು. ಎರಡನೇದಕ್ಕೆ ಆಗಲಿಲ್ಲ."

"ಯಾವುದು? ಯಾವುದನ್ನ?"

"ನಂಗೇನು ಗೊತ್ತು ಮಾಸ್? ನನಗೆ ಎಲ್ಲಾ ಬಾವಿನೂ ಒಂದೇ. ನೀರು ಸೇದಿ ಸಾಕಾಗಿದೆ."

ಉದ್ಘಾಟನೆಯ ದಿನ ಅವರು ಬೆಳಿಗ್ಗೆಯೇ ಶಾಲೆಗೆ ಹೋಗಿ, ಗೋಡೆಯಿಂದ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು, ಏಳನ್ನೂ ಒಂದೊಂದಾಗಿ ನೋಡಿದರು. ಕಾವಲಿನವನು ಹೇಳುವ ಪ್ರಕಾರ ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಕುರ್ಚಿಯನ್ನು ಐದನೆಯ ಚಿತ್ರದ ಮುಂದೆ ಎಳೆದುಕೊಂಡರು, ಅಲ್ಲಿಂದ ಕದಲಲಿಲ್ಲ. ಅದರ ರಾಟೆ ನಕಲು, ಕಟ್ಟೆ ನಕಲು, ಪಾಚಿ ನಕಲು. ಒಳಗಿನ ನೀರಿನಲ್ಲಿ ಮಾತ್ರ ಕಪ್ಪಿರಲಿಲ್ಲ. ನೀಲಿ, ಕಂದು, ಒಂಚೂರು ಕೆಂಪು. ಬಣ್ಣ ಒಂದೆರಡು ಕಡೆ ಗೆರೆ ದಾಟಿತ್ತು, ಕೈ ನಡುಗಿದಲ್ಲಿ.

ಸಂಜೆ ಜನ ತುಂಬಿದರು. ಇಷ್ಟು ಜನ ಅವರ ಯಾವ ಭಾಷಣಕ್ಕೂ ಬಂದಿರಲಿಲ್ಲ. ಅವರು ಧ್ವನಿವರ್ಧಕದ ಮುಂದೆ ನಿಂತು ಕೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಗೆ ಬಿಚ್ಚಿದರು. ಭಾಷಣಕ್ಕೆ ನಿಂತಾಗ ನಾವು ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ.

"ಇಲ್ಲಿ ತೂಗಿರೋದು ನಕಲು," ಎಂದರು. ಒಂದರ್ಥದಲ್ಲಿ ಎನ್ನಲಿಲ್ಲ. "ಅಸಲಿಗಳನ್ನ ನಾನೇ ಸುಡಿಸಿದೆ. ಮೂಸಿ, ಆರಿಸಿ, ಸುಡಿಸಿದೆ. ನೀವು ಸಿನಿಮಾದಲ್ಲಿ ನೋಡಿದ ಮುಖ ಅಭಿನಯ ಅಲ್ಲ. ಅವನು ತನ್ನ ಚಿತ್ರ ಉರಿಯೋದನ್ನ ನೋಡ್ತಿದ್ದ. ಈ ಏಳರಲ್ಲಿ ಒಂದರ ನೀರು ಮಾತ್ರ ಅವನದು."

ಮೊದಲು ಕಿನಾಂತಿ ಕಿಸಕ್ಕೆಂದಳು. ಆಮೇಲೆ ಮುಂದಿನ ಸಾಲು. ಆಮೇಲೆ ಇಡೀ ಸಭಾಂಗಣ ನಗೆಯಲ್ಲಿ ಬಿದ್ದು ಹೊರಳಿತು. 'ಸತ್ತವನ ಸಹಿ'ಗೆ ಸಿಗದೆ ಹೋದ ನಗೆಯೆಲ್ಲ ಎಲ್ಲೋ ಕೂಡಿಟ್ಟು ಆ ದಿನ ಒಟ್ಟಿಗೆ ಬಂದ ಹಾಗಿತ್ತು. "ಮಾಸ್ ದಾನುಗೆ ಹಾಸ್ಯ ಬರುತ್ತೆ ಅಂತ ಯಾರಿಗ್ರೀ ಗೊತ್ತಿತ್ತು!" ಎಂದು ಯಾರೋ ಕೂಗಿದರು. "ಸಿನಿಮಾಕ್ಕೆ ಇದನ್ನೇ ಹಾಕ್ಬೇಕಿತ್ತು ಮಾರಾಯ!" ಎಂದು ಇನ್ನೊಬ್ಬರು. ಅವರು ಕೈಯೆತ್ತಿ, "ಇಲ್ಲ, ನಿಜ, ನಿಜ ಹೇಳ್ತಿದೀನಿ," ಎಂದಾಗ ನಗೆ ಇಮ್ಮಡಿಸಿತು. ಸಂಗ್ರಾಹಕರೊಬ್ಬರು ಎದ್ದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಲಭುಜ ಮುಂದೆ ಮಾಡಿ ನಡೆದು, ಮೊದಲ ಚಿತ್ರದ ಎಡಮೂಲೆಗೆ ಮೂಗು ಹಚ್ಚಿ, "ಒಂದರ್ಥದಲ್ಲಿ, ಬಾವಿ!" ಎಂದರು. ಅಷ್ಟೇ ಸಾಕಾಯಿತು. ಸಾಲುಗಟ್ಟಿ ಒಬ್ಬೊಬ್ಬರೂ ಏಳು ಚಿತ್ರಗಳನ್ನೂ ಮೂಸುತ್ತ, ಕಣ್ಣು ಮುಚ್ಚುತ್ತ, ನಗುತ್ತ ಸಾಗಿದರು. ಐದನೆಯದನ್ನೂ ಮೂಸಿ ದಾಟಿದರು.

ನಗದೆ ನಿಂತವರು ಇಬ್ಬರು. ಸೂಟು ಬೂಟುಗಳ ನಡುವೆ ಹಳೆಯ ಬಾಟಿಕ್ ಉಟ್ಟು ಬಂದಿದ್ದ ಸಮಿಂತೆನ್ ಒಬ್ಬಳು. ಇನ್ನೊಬ್ಬ ಮೋಕೊ, ತಾನು ಹಿಡಿದ ಮುಖ ಯಾವುದೆಂದು ಅವನಿಗೆ ಆಗ ಗೊತ್ತಾಗಿತ್ತು. ದಾನುರ್ವೆಂದೊ ಧ್ವನಿವರ್ಧಕ ಬಿಟ್ಟು ಕೆಳಗಿಳಿದು ಬಂದರು. "ನಂಬಲಿಲ್ಲ ಅತ್ತಿಗೆ," ಎಂದರು.

"ನಂಬೋಕೆ ನೋಡ್ಬೇಕಲ್ಲ ಮಾಸ್," ಎಂದಳು ಅವಳು. "ಬನ್ನಿ, ತೆಂಪೆ ಆರಿಹೋಗುತ್ತೆ."

ಈಗಲೂ ಅವರು ಉದ್ಘಾಟನೆಗಳಿಗೆ ಬರುತ್ತಾರೆ, ಕೋಟಿಲ್ಲದೆ. ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ದೂರದಿಂದ ಒಂದೇ ಚಿತ್ರವನ್ನು ನೋಡುತ್ತ ಕೂರುತ್ತಾರೆ. ಹೊಸ ಕಲಾವಿದರು ಓಡಿ ಬಂದು, "ಮಾಸ್, ಆ ಜೋಕು ಹೇಳಿ," ಎನ್ನುತ್ತಾರೆ. ಅವರು ಹೇಳುತ್ತಾರೆ, ಒಂದಕ್ಷರ ಬದಲಿಸದೆ, ಪ್ರತಿ ಸಲವೂ ಈ ಸಲವಾದರೂ ಯಾರಾದರೂ ನಗದೆ ಉಳಿದಾರೇ ಎಂದು ಎದುರಿನ ಮುಖಗಳನ್ನು ಹುಡುಕುತ್ತ.

ಕಲೆಯಿರುವ ಊರುಗಳಲ್ಲೆಲ್ಲ ಈ ಜಾತಿಯ ಜನ ಇರುತ್ತಾರೆ. ಕಲೆಯ ಮೇಲೆ ಅವರಿಗೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ಅದಕ್ಕೆ ಎಷ್ಟು ಹತ್ತಿರ ನಿಂತಿರುತ್ತಾರೆಂದರೆ ಅವರಿಗೂ ಅದು ಕಾಣುವುದಿಲ್ಲ, ಅವರ ಬೆನ್ನ ಹಿಂದಿರುವ ನಮಗೂ ಕಾಣುವುದಿಲ್ಲ. ಆಯುಷ್ಯದಲ್ಲಿ ಒಮ್ಮೆ, ತೀರ ತಡವಾಗಿ, ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಜವಾಗಿ ನೋಡುತ್ತಾರೆ. ಆದರೆ ಅಷ್ಟು ಹೊತ್ತಿಗೆ ಊರಿಗೆಲ್ಲ ಮೂಸುವುದನ್ನು ಅವರೇ ಕಲಿಸಿ ಮುಗಿಸಿರುತ್ತಾರೆ.